ಮಿಲ್ಲಿನ ಬಿಸಿನೀರು, ಹೊಗೆಯ ಬಿಸಿಯಿಂದ ಹೈಡ್ರೋಜನ್ ತೆಗೆಯಬಹುದಾ? ಗೊತ್ತಿರುವವರು ಹೇಳಿ

ಉಮಿಬೆಂಕಿ

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಕುಚ್ಚಲಕ್ಕಿ ಮಿಲ್ ಉಂಟು. ಅಜ್ಜನ ಕಾಲದಲ್ಲಿ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದರು. ಅಪ್ಪ ಬಾಯ್ಲರ್ ಹಾಕಿಸಿದರು. ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಬಾಯ್ಲರಿಗೆ ನಮ್ಮದೇ ಉಮಿ, ಗಂಟೆಗೆ ಒಂದು ಟನ್ ಸ್ಟೀಮ್.

ಬೆಳಿಗ್ಗೆ ಐದಕ್ಕೆ ಭತ್ತ ನೆನೆಹಾಕಿದ ಟ್ಯಾಂಕಿನ ನೀರು ಬಿಡುತ್ತೇವೆ. ಒಂದು ಸಲಕ್ಕೆ ಸುಮಾರು 5000 ಲೀಟರ್. ಕೈ ಇಟ್ಟರೆ ಸುಡುತ್ತದೆ, 65 ಡಿಗ್ರಿ ಇರಬಹುದು. ಡಿಸೆಂಬರಿನಲ್ಲಿ ನೀವು ಬಂದರೆ ನೋಡಬೇಕು, ತೋಡಿನ ಉದ್ದಕ್ಕೂ ಹಬೆ ಎದ್ದು ಆಚೆ ಬದಿಯ ಅಡಿಕೆ ಮರ ಕಾಣುವುದಿಲ್ಲ. ಅಷ್ಟು ಬಿಸಿ ಸುಮ್ನೆ ಗುಂಡಿಗೆ ಹೋಗುತ್ತದೆ. ಚಿಮಣಿಯಲ್ಲಿ ಹೋಗುವುದು ಬೇರೆ. ಅಪ್ಪನಿಗೆ ಇದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು, ಈಗ ನನಗೂ.

ಹೋದ ತಿಂಗಳು ಒಂದು ಕಂಪನಿಯವರು ಬಂದಿದ್ದರು. ಹೆಸರು ಬೇಡ. "ನಿಮ್ಮ ಹಾಳಾಗುವ ಬಿಸಿಯಿಂದಲೇ ಹೈಡ್ರೋಜನ್ ಮಾಡಿ ಕೊಡುತ್ತೇವೆ, ಅದರಲ್ಲೇ ಲಾರಿ ಓಡಿಸಬಹುದು" ಅಂದರು. ಎಷ್ಟು ಕಿಲೋ ಸಿಗುತ್ತದೆ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಆದರೆ ಆ ಮಾತು ಮಂಡೆಯಲ್ಲಿ ಕೂತುಬಿಟ್ಟಿದೆ. ನಿಜವಾಗಿ ಆಗುವ ಕೆಲಸವಾ ಇದು?

ಪಣಂಬೂರು ಪಾಳಿ

ಆಗುವ ಕೆಲಸವೇ. ಎಷ್ಟು ಆಗುತ್ತದೆ ಅನ್ನುವುದರಲ್ಲಿ ಎಲ್ಲವೂ ಇದೆ. ನಾನು ಮೂವತ್ತು ವರ್ಷ ಬಾಯ್ಲರ್, ಸ್ಟೀಮ್ ಲೈನ್‌ಗಳ ಜೊತೆ ಕೆಲಸ ಮಾಡಿದವನು, ಈಗ ನಿವೃತ್ತಿ. ನಿಮ್ಮ ಲೆಕ್ಕ ಕೂತು ಮಾಡಿದೆ.

ಮೊದಲು ಒಂದು ವಿಷಯ. ಬಿಸಿಯಲ್ಲಿ ಎಷ್ಟು ಇದೆ ಅನ್ನುವುದು ಬೇರೆ, ಅದರಿಂದ ಎಷ್ಟು ಕೆಲಸ ತೆಗೆಯಬಹುದು ಅನ್ನುವುದು ಬೇರೆ. ಗುಡ್ಡದ ಮೇಲಿನ ನೀರಿನ ಹಾಗೆ. ನೀರು ಎಷ್ಟೇ ಇರಲಿ, ಬೀಳುವ ಎತ್ತರ ಇಲ್ಲದಿದ್ದರೆ ಚಕ್ರ ತಿರುಗುವುದಿಲ್ಲ. ಬಿಸಿಗೆ ಆ ಎತ್ತರ ಅಂದರೆ ಬಿಸಿ ಕಡೆಗೂ ತಣ್ಣನೆ ಕಡೆಗೂ ಇರುವ ವ್ಯತ್ಯಾಸ. ಇದರ ಗರಿಷ್ಠ ಮಿತಿಯನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿದ್ದಾರೆ. 90 ಡಿಗ್ರಿ ಬಿಸಿ, 30 ಡಿಗ್ರಿ ತಣ್ಣನೆ ಇದ್ದರೆ ನೂರರಲ್ಲಿ ಹದಿನಾರೂವರೆ ಭಾಗಕ್ಕಿಂತ ಜಾಸ್ತಿ ಯಾವ ಯಂತ್ರವೂ ಕೊಡುವುದಿಲ್ಲ. ನಿಜವಾದ ಯಂತ್ರ ಅದರ ಅರ್ಧ ಕೊಟ್ಟರೆ ದೊಡ್ಡದು.

ನಮ್ಮ ಕರಾವಳಿಗೆ ಇಲ್ಲೊಂದು ತೊಂದರೆ ಉಂಟು. ಇದೇ 90 ಡಿಗ್ರಿ ನೀರು ನಾರ್ವೆಯಲ್ಲಿದ್ದು, ಪಕ್ಕದಲ್ಲಿ 10 ಡಿಗ್ರಿಯ ಸಮುದ್ರ ಇದ್ದಿದ್ದರೆ ಮಿತಿ 22 ಆಗುತ್ತಿತ್ತು. ನಮಗೆ ಸಮುದ್ರವೇ 28, 30 ಡಿಗ್ರಿ. ತಣ್ಣಗೆ ಮಾಡಲು ನಮ್ಮಲ್ಲಿ ತಣ್ಣನೆಯದೇ ಇಲ್ಲ.

ಈಗ ನಿಮ್ಮ 5000 ಲೀಟರ್. 65ರಿಂದ 30ಕ್ಕೆ ಇಳಿಯುವಾಗ ಅದು ಬಿಡುವ ಬಿಸಿ ಸುಮಾರು 200 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ). ಕೇಳಲು ಚೆಂದ. ಆದರೆ ನೀರು ತಣ್ಣಗಾಗುತ್ತ ಹೋದಂತೆ ಆ ಎತ್ತರವೂ ಇಳಿಯುತ್ತ ಹೋಗುತ್ತದೆ. ಹಾಗಾಗಿ ದೋಷವೇ ಇಲ್ಲದ ಯಂತ್ರ ಇದ್ದರೂ ಸಿಗುವ ಕೆಲಸ 11 ಯೂನಿಟ್. ನಿಜದ ಯಂತ್ರದಲ್ಲಿ ಮೂರೋ ನಾಲ್ಕೋ. ಒಂದು ಕಿಲೋ ಹೈಡ್ರೋಜನ್ ಮಾಡಲು ಎಲೆಕ್ಟ್ರೋಲೈಸರಿಗೆ (ಕರೆಂಟಿನಿಂದ ನೀರು ಒಡೆಯುವ ಯಂತ್ರ) 50ರಿಂದ 55 ಯೂನಿಟ್ ಬೇಕು. ಅಂದರೆ ನಿಮ್ಮ ಒಂದು ಟ್ಯಾಂಕ್ ನೀರಿಗೆ 70 ಗ್ರಾಂ ಹೈಡ್ರೋಜನ್.

ಲಾರಿ ಮಿಲ್ಲಿನ ಗೇಟು ದಾಟಿ ಸ್ವಲ್ಪ ದೂರ ಹೋಗಬಹುದು, ಅಷ್ಟೇ.

ಉಮಿಬೆಂಕಿ

70 ಗ್ರಾಂ! ಸರ್, ನಾನು ಎರಡು ಸಲ ಓದಿದೆ. ಚಿಮಣಿಯದ್ದು?

ಪಣಂಬೂರು ಪಾಳಿ

ಚಿಮಣಿಯದ್ದು ಸ್ವಲ್ಪ ಉತ್ತಮ, ಅಲ್ಲಿ ಬಿಸಿ ಜಾಸ್ತಿ. ಹೊಗೆ 200 ಡಿಗ್ರಿಯಲ್ಲಿ ಹೋಗುತ್ತಿದ್ದರೆ 120ರವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸಲು ಹೋಗಬೇಡಿ, ಪೈಪಿನ ಮೇಲೆ ನೀರು ಕಟ್ಟಿ, ಬೂದಿ ಅಂಟಿ, ತುಕ್ಕು ಹಿಡಿಯುತ್ತದೆ. ನಿಮ್ಮ ಅಳತೆಯ ಬಾಯ್ಲರಿನಲ್ಲಿ ಹೀಗೆ ಸುಮಾರು 60 ಕಿಲೋವ್ಯಾಟ್ ಬಿಸಿ ಸಿಗಬಹುದು. ಅದನ್ನು ಕರೆಂಟ್ ಮಾಡುವ ಸಣ್ಣ ಟರ್ಬೈನ್ ಇಟ್ಟರೆ 6 ಕಿಲೋವ್ಯಾಟ್. ದಿನಕ್ಕೆ ಹತ್ತು ಗಂಟೆ ಓಡಿಸಿದರೆ 60 ಯೂನಿಟ್, ಅಂದರೆ ಒಂದು ಕಿಲೋಗಿಂತ ತುಸು ಜಾಸ್ತಿ ಹೈಡ್ರೋಜನ್. ಒಂದು ಕಿಲೋ ಹೈಡ್ರೋಜನ್ನಿನ ಶಕ್ತಿ ಎರಡೂವರೆ ಕಿಲೋ ಅಡುಗೆ ಗ್ಯಾಸಿಗೆ ಸಮ. ಒತ್ತಿ ತುಂಬದೆ ಹಾಗೇ ಇಟ್ಟರೆ ಆ ಒಂದು ಕಿಲೋಗೆ 12 ಸಾವಿರ ಲೀಟರಿನ ಟ್ಯಾಂಕ್ ಬೇಕು. ಒತ್ತಿ ತುಂಬಲು ಕಂಪ್ರೆಸರ್, ಅದಕ್ಕೆ ಮತ್ತೆ ಕರೆಂಟ್.

ಆ 60 ಯೂನಿಟ್ ಕೈಗೆ ಬಂದಮೇಲೆ ನಿಮ್ಮ ಪಾಲಿಶ್ ಮೆಷಿನ್ನಿನ ಮೋಟರಿಗೇ ಕೊಡಿ. ಅದನ್ನು ಹೈಡ್ರೋಜನ್ ಮಾಡಿ ಯಾಕೆ ಅರ್ಧ ಕಳೆದುಕೊಳ್ಳಬೇಕು?

ಪೊರೆ

ಸರ್ ಹೇಳಿದ ಲೆಕ್ಕ ಸರಿ. ಆದರೆ ಇಲ್ಲಿಗೇ ಬಾಗಿಲು ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಾನು ಮೆಂಬ್ರೇನ್, ಅಂದರೆ ತೆಳು ಪೊರೆಗಳ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ಟರ್ಬೈನ್ ಇಲ್ಲದೆ, 50, 60 ಡಿಗ್ರಿಯ ಬಿಸಿಯಲ್ಲೇ ನಡೆಯುವ ಒಂದು ದಾರಿ ಉಂಟು. ಅದಕ್ಕೆ ಉಪ್ಪು ಬೇಕು.

ಉಪ್ಪುನೀರು ಒಂದು ಕಡೆ, ಸಿಹಿನೀರು ಒಂದು ಕಡೆ, ನಡುವೆ ಒಂದು ತೆಳು ಪೊರೆ ಅಂತ ಇಟ್ಟುಕೊಳ್ಳಿ. ಆ ಪೊರೆ ಪ್ಲಸ್ ಚಾರ್ಜಿನ ಕಣಗಳನ್ನು ಮಾತ್ರ ಬಿಡುತ್ತದೆ. ಪಕ್ಕದ ಇನ್ನೊಂದು ಪೊರೆ ಮೈನಸ್ ಕಣಗಳನ್ನು ಮಾತ್ರ ಬಿಡುತ್ತದೆ. ಉಪ್ಪು ಸಹಜವಾಗಿ ಸಿಹಿನೀರಿನ ಕಡೆಗೆ ಹರಿಯಲು ನೋಡುತ್ತದೆ. ಆಗ ಪ್ಲಸ್ ಒಂದು ದಿಕ್ಕಿಗೆ, ಮೈನಸ್ ಇನ್ನೊಂದು ದಿಕ್ಕಿಗೆ ಹೋಗಿ ವೋಲ್ಟೇಜ್ ಹುಟ್ಟುತ್ತದೆ. ಒಂದು ಜೋಡಿ ಪೊರೆಗೆ 0.15 ವೋಲ್ಟಿನ ಆಸುಪಾಸು. ನೀರನ್ನು ಒಡೆಯಲು ಕಡಿಮೆ ಅಂದರೆ 1.23 ವೋಲ್ಟ್ ಬೇಕು, ನಿಜದಲ್ಲಿ 1.8ರಿಂದ 2. ಇಪ್ಪತ್ತು ಮೂವತ್ತು ಜೋಡಿ ಒಂದರ ಮೇಲೊಂದು ಜೋಡಿಸಿದರೆ ಎರಡು ತುದಿಯ ಎಲೆಕ್ಟ್ರೋಡುಗಳಲ್ಲಿ ನೀರು ಒಡೆದು ಹೈಡ್ರೋಜನ್ ನೇರವಾಗಿ ಬರುತ್ತದೆ. ನಡುವೆ ಟರ್ಬೈನೂ ಇಲ್ಲ, ಜನರೇಟರೂ ಇಲ್ಲ.

ಇದು ಹೊಸ ಕನಸಲ್ಲ. ಉಪ್ಪು ಸಿಹಿ ನೀರು ಬೆರೆಯುವಾಗ ಕರೆಂಟ್ ತೆಗೆಯಬಹುದು ಅಂತ ಪ್ಯಾಟಲ್ ಅನ್ನುವವರು 1954ರಲ್ಲೇ ತೋರಿಸಿದರು. ನೆದರ್ಲೆಂಡ್ಸಿನ ಆಫ್‌ಸ್ಲೌಟ್‌ಡೈಕ್ ಅನ್ನುವ ಉದ್ದದ ಕಡಲ ಕಟ್ಟೆಯ ಮೇಲೆ 2014ರಲ್ಲಿ ಇಂಥ ಪ್ರಾಯೋಗಿಕ ಘಟಕ ಶುರುವಾಯಿತು.

ಬಿಸಿಯ ಪಾತ್ರ ಎಲ್ಲಿ ಅಂದರೆ, ಉಪ್ಪು ಬೆರೆತು ಮುಗಿದ ಮೇಲೆ ಎರಡು ನೀರೂ ಒಂದೇ ಆಗಿಬಿಡುತ್ತವೆ. ಮತ್ತೆ ಬೇರ್ಪಡಿಸಬೇಕು. ಅಡುಗೆ ಉಪ್ಪಾದರೆ ನೀರನ್ನೇ ಕುದಿಸಿ ಆವಿ ಮಾಡಬೇಕು. ಅದರ ಬದಲು ಅಮೋನಿಯಂ ಬೈಕಾರ್ಬನೇಟ್ ಅನ್ನುವ ಬೇರೆ ಉಪ್ಪು ಹಾಕಿದರೆ 60 ಡಿಗ್ರಿ ಸುಮಾರಿಗೆ ಅದೇ ಗ್ಯಾಸ್ ಆಗಿ ನೀರು ಬಿಟ್ಟು ಏಳುತ್ತದೆ. ಆ ಗ್ಯಾಸನ್ನು ತಣ್ಣನೆ ನೀರಿನಲ್ಲಿ ಹಿಡಿದರೆ ಮತ್ತೆ ಉಪ್ಪುನೀರು ತಯಾರು. ಅದೇ ನೀರು, ಅದೇ ಉಪ್ಪು ಸುತ್ತುತ್ತಲೇ ಇರುತ್ತದೆ. ಒಳಗೆ ಹೋಗುವುದು ಬಿಸಿ, ಹೊರಗೆ ಬರುವುದು ಹೈಡ್ರೋಜನ್. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ಅವರ ತಂಡ 2012ರಲ್ಲಿ ಈ ಉಪ್ಪನ್ನೇ ಬಳಸಿ ಹೈಡ್ರೋಜನ್ ತೆಗೆದು ತೋರಿಸಿತು.

ಬೇಕರಿ ಮನೆ

ಅಮೋನಿಯಂ ಬೈಕಾರ್ಬನೇಟ್ ಅಂದರೆ ನಾವು ಬಿಸ್ಕೆಟಿಗೆ ಹಾಕುವುದೇ ಅಲ್ವಾ? ಬೇಕರಿಯಲ್ಲಿ ಸುಮ್ನೆ 'ಅಮೋನಿಯಾ' ಅಂತಲೇ ಕರೆಯುತ್ತೇವೆ. ಚಿಟಿಕೆ ಸಾಕು. ಬಿಸಿ ತಾಗಿದ ತಕ್ಷಣ ಪೂರ್ತಿ ಗ್ಯಾಸ್ ಆಗಿ ಹೋಗುತ್ತದೆ, ಬಿಸ್ಕೆಟ್ ಗರಿಗರಿ ಆಗುತ್ತದೆ. ಓವನ್ ಬಾಗಿಲು ತೆರೆಯುವಾಗ ಮುಖ ಹತ್ತಿರ ತಂದರೆ ಕಣ್ಣಲ್ಲಿ ನೀರು. ಬೇಸಿಗೆಯಲ್ಲಿ ಡಬ್ಬದ ಮುಚ್ಚಳ ಸಡಿಲ ಇದ್ದರೆ ಒಂದು ವಾರದಲ್ಲಿ ಅರ್ಧ ಖಾಲಿ. ನೀವು ಹೇಳಿದ್ದು ಈಗ ಪೂರ್ತಿ ಅರ್ಥ ಆಯಿತು.

ಪೊರೆ

ಅದೇ, ಅದೇ ಪುಡಿ! ನಿಮ್ಮ ಡಬ್ಬದಲ್ಲಿ ಆಗುವುದೇ ನಮ್ಮ ತಲೆನೋವು ಕೂಡ. ಎಲ್ಲಿ ಸಣ್ಣ ಸೋರಿಕೆ ಇದ್ದರೂ ಗ್ಯಾಸ್ ಹೋಗುತ್ತದೆ. ಅದು ಹೋದಷ್ಟು ಉಪ್ಪು ಕಡಿಮೆ, ವೋಲ್ಟೇಜ್ ಕಡಿಮೆ. ಪೊರೆಯೂ ದುಬಾರಿ. ಈವರೆಗಿನ ಪ್ರಾಯೋಗಿಕ ಘಟಕಗಳ ದಕ್ಷತೆ ತುಂಬಾ ಕಮ್ಮಿ, ಕಾರ್ನೋ ಮಿತಿಯ ಹತ್ತಿರಕ್ಕೂ ಬಂದಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಆ ಕಂಪನಿಯವರು ಯಾವ ಯಂತ್ರ ತರುತ್ತಾರೋ, 'ಎಷ್ಟು ಗಂಟೆ ನಿಲ್ಲಿಸದೆ ಓಡಿಸಿದ್ದೀರಿ, ಎಲ್ಲಿ' ಅಂತ ಕೇಳಿ, ಹೋಗಿ ಕಣ್ಣಾರೆ ನೋಡಿ.

ಮಲ್ಪೆ ಐಸ್

ಅಮೋನಿಯಾ ವಾಸನೆ ಅಂದಾಗ ಇಲ್ಲಿ ಬರೆಯಲೇಬೇಕು ಅನ್ನಿಸಿತು. ನಾನು ಐಸ್ ಪ್ಲಾಂಟಿನಲ್ಲಿ ಆಪರೇಟರ್. ನಮ್ಮ ಕಂಪ್ರೆಸರ್ ಓಡುವುದೂ ಅಮೋನಿಯಾದಲ್ಲೇ. ವಾಲ್ವಿನ ಹತ್ತಿರ ಸಣ್ಣಗೆ ಸೋರಿದರೂ ಮೂಗಿಗೆ ಹೊಡೆಯುತ್ತದೆ, ಮಾಸ್ಕ್ ಹಾಕದೆ ಒಳಗೆ ಹೋಗುವಂತಿಲ್ಲ. ಮಿಲ್ಲಿನಲ್ಲಿ ಇಂಥದ್ದು ಇಡುವವರು ಕೆಲಸದವರಿಗೆ ಮೊದಲು ಕಲಿಸಬೇಕು, ಇದು ನನ್ನ ಕಳಕಳಿಯ ಮಾತು.

ಇನ್ನೊಂದು. ಬಿಸಿಯಿಂದಲೇ ಐಸ್ ಮಾಡುವ ಅಬ್ಸಾರ್ಪ್ಷನ್ ಮೆಷಿನ್ ಇದೆ ಅಲ್ವಾ? ನೀರಿನಲ್ಲಿ ಕರಗಿದ ಅಮೋನಿಯಾವನ್ನು ಬಿಸಿ ಮಾಡಿ ಎಬ್ಬಿಸುವುದು. ಫಿಶ್ ಮೀಲ್ ಫ್ಯಾಕ್ಟರಿಯಲ್ಲಿ ಮೀನು ಬೇಯಿಸಿ ಒಣಗಿಸುವಾಗ ಎಷ್ಟು ಸ್ಟೀಮ್, ಎಷ್ಟು ಬಿಸಿ ಗಾಳಿ ಹೋಗುತ್ತದೆ! ಪಕ್ಕದಲ್ಲೇ ಬೋಟಿನವರು ಐಸಿಗೆ ಕಾಯುತ್ತಾರೆ. ನಮ್ಮ ಮಾಲೀಕರಿಗೆ ತಿಂಗಳ ಕರೆಂಟ್ ಬಿಲ್ಲೇ ದೊಡ್ಡ ಹೊರೆ. ನನಗೆ ಹೈಡ್ರೋಜನ್ನಿಗಿಂತ ಇದು ಹತ್ತಿರದ ದಾರಿ ಅನ್ನಿಸುತ್ತದೆ.

ಪಣಂಬೂರು ಪಾಳಿ

ತುಂಬಾ ಒಳ್ಳೆಯ ಮಾತು. ಐಸಿನ ಮಟ್ಟದ ತಣ್ಣಗೆ ಬೇಕಾದರೆ 100 ಡಿಗ್ರಿ ದಾಟಿದ ಬಿಸಿ ಬೇಕು, ಯಾಕೆಂದರೆ ತಣ್ಣಗೆ ಮಾಡಲು ಬಳಸುವ ನಮ್ಮ ನೀರೇ ಬೆಚ್ಚಗೆ. ಫಿಶ್ ಮೀಲ್ ಬಾಯ್ಲರಿನ ಹೊಗೆಯಲ್ಲಿ ಅಷ್ಟು ಸಿಗುತ್ತದೆ.

ಎಲ್ಲೂರಿನವ

ನಮ್ಮೂರಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವೇ ಉಂಟು. ಸುಮಾರು ಅರ್ಧದಷ್ಟು ಬಿಸಿ ತಣ್ಣಗೆ ಮಾಡುವ ನೀರಿನಲ್ಲೇ ಹೋಗುತ್ತದಂತೆ. ಅಲ್ಲಿ ಹಾಕಿದರೆ ರಾಶಿ ಹೈಡ್ರೋಜನ್ ಬರಬೇಕಲ್ಲ?

ಪಣಂಬೂರು ಪಾಳಿ

ಅಲ್ಲಿ ಬಿಸಿಯ ರಾಶಿ ದೊಡ್ಡದು, ಎತ್ತರ ಇಲ್ಲ. ಸ್ಟೀಮಿನಿಂದ ತೆಗೆಯುವಷ್ಟನ್ನೂ ಟರ್ಬೈನ್ ತೆಗೆದಾಗಿದೆ. ಸ್ಟೀಮನ್ನು ಮತ್ತೆ ನೀರು ಮಾಡುವ ಕಂಡೆನ್ಸರಿನಿಂದ ಬರುವ ನೀರು 40 ಡಿಗ್ರಿ ಅಂತ ಹಿಡಿದರೂ ಮಿತಿ ನೂರಕ್ಕೆ ಮೂರು. ಕೈಗೆ ಬರುವುದು ಪಂಪ್ ಓಡಿಸಲಿಕ್ಕೇ ಹೋಗುತ್ತದೆ.

ಪೊರೆ

ಮತ್ತೆ ಅದನ್ನು ಹಸಿರು ಅಂತ ಕರೆಯಲೂ ಆಗುವುದಿಲ್ಲ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ ಒಪ್ಪಿತು. ಅದೇ ವರ್ಷ ಆಗಸ್ಟಿನಲ್ಲಿ ಹಸಿರು ಅಂದರೆ ಏನು ಅಂತ ಅಳತೆ ಕೊಟ್ಟಿತು. ನವೀಕರಿಸಬಹುದಾದ ಇಂಧನ ಮೂಲದಿಂದ ಬರಬೇಕು, ಒಂದು ಕಿಲೋ ಹೈಡ್ರೋಜನ್ನಿಗೆ 2 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬರಬಾರದು. ಕಲ್ಲಿದ್ದಲಿನ ಬಿಸಿ ಹಾಳಾಗಿ ಹೋಗುವುದೇ ಆದರೂ ಮೂಲ ಕಲ್ಲಿದ್ದಲೇ ತಾನೆ.

ಅದಕ್ಕೇ ನನಗೆ ಈ ಅಣ್ಣನ ಮಿಲ್ ಇಷ್ಟ ಆಯಿತು. ಉಮಿ ಪ್ರತಿ ವರ್ಷ ಗದ್ದೆಯಲ್ಲಿ ಬೆಳೆದು ಬರುವುದು. ಗೇರುಬೀಜದ ಕಾರ್ಖಾನೆಗಳೂ ಹಾಗೆಯೇ. ಬೀಜ ಬೇಯಿಸುವ ಸ್ಟೀಮಿಗೆ, ತಿರುಳು ಒಣಗಿಸುವ ಬೋರ್ಮಾಗೆ ಎಷ್ಟೋ ಕಡೆ ಗೇರು ಸಿಪ್ಪೆಯನ್ನೇ ಉರಿಸುತ್ತಾರೆ. ನಮ್ಮ ಎರಡು ಜಿಲ್ಲೆಯ ಸಣ್ಣ ಉದ್ಯಮದ ಬಿಸಿ ಬಹಳಷ್ಟು ಹೀಗೆ ಗದ್ದೆ ತೋಟದಿಂದ ಬಂದದ್ದು. ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಕೇಳಿ ಅಣ್ಣ. ನೆನೆಹಾಕಿದ ನೀರು ಹುಳಿ ವಾಸನೆ ಬರುತ್ತದಾ?

ಉಮಿಬೆಂಕಿ

ಬರುತ್ತದೆ ಅಂದರೆ! ಗುಂಡಿಯಲ್ಲಿ ಎರಡು ದಿನ ನಿಂತರೆ ದಾರಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಗುಂಡಿ ತುಂಬುವುದೇ ದೊಡ್ಡ ಚಿಂತೆ. ಯಾಕೆ ಕೇಳಿದಿರಿ?

ಪೊರೆ

ಆ ಹುಳಿ ಅಂದರೆ ಭತ್ತದಿಂದ ಕರಗಿದ ಸಕ್ಕರೆ, ಪಿಷ್ಟವನ್ನು ಬ್ಯಾಕ್ಟೀರಿಯಾ ತಿನ್ನುತ್ತಿರುವುದು. ಪೆನ್ ಸ್ಟೇಟಿನವರು ಮಾಡಿದ್ದರಲ್ಲಿ ನಾನು ಬಿಟ್ಟ ಒಂದು ಭಾಗ ಇದೇ. ಅವರು ಒಂದು ತುದಿಯ ಎಲೆಕ್ಟ್ರೋಡಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದರು. ಅವು ಕೊಳೆಯುವ ಪದಾರ್ಥ ತಿಂದು ಎಲೆಕ್ಟ್ರಾನ್ ಕೊಡುತ್ತವೆ. ಹಾಗಾಗಿ ನೀರನ್ನು ಪೂರ್ತಿ ಒಡೆಯುವಷ್ಟು ವೋಲ್ಟೇಜ್ ಬೇಕಾಗುವುದಿಲ್ಲ, ಕೆಲವೇ ಜೋಡಿ ಪೊರೆ ಸಾಕು. ನಿಮ್ಮ ಟ್ಯಾಂಕಿನ ನೀರಿನಲ್ಲಿ ಬಿಸಿಯೂ ಇದೆ, ಬ್ಯಾಕ್ಟೀರಿಯಾದ ಊಟವೂ ಇದೆ. ಎರಡೂ ಒಂದೇ ತೋಡಿನಲ್ಲಿ ಹೋಗುತ್ತಿದೆ! ಬಿಸಿಯನ್ನು ಉಪ್ಪು ಬೇರ್ಪಡಿಸಲು ತೆಗೆದುಕೊಂಡು, ತಣ್ಣಗಾದ ನೀರನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟರೆ ನೀರೂ ಸ್ವಲ್ಪ ಶುದ್ಧ ಆಗುತ್ತದೆ. ಹೈಡ್ರೋಜನ್ ಗ್ರಾಂ ಲೆಕ್ಕದಲ್ಲೇ ಬರಲಿ, ಗುಂಡಿಯ ವಾಸನೆ ಕಡಿಮೆಯಾದರೆ ಅದೂ ಲಾಭವೇ.

ಒಂದು ಕ್ಯಾನ್ ನೀರು ಕೊಡುತ್ತೀರಾ? ಲ್ಯಾಬಿನಲ್ಲಿ ನೋಡಬೇಕು.

ಉಮಿಬೆಂಕಿ

ಒಂದಲ್ಲ, ಹತ್ತು ಕೊಡುತ್ತೇನೆ.

ಪಣಂಬೂರು ಪಾಳಿ

ಇದು ನನಗೂ ಹೊಳೆದಿರಲಿಲ್ಲ. ಮಾಡಿ ನೋಡಿ.

ಹೈಡ್ರೋಜನ್ ಯಾರಿಗೆ ಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಅದನ್ನು ಟನ್‌ಗಟ್ಟಲೆ ಬಳಸುವ ಜಾಗ ಈಗಾಗಲೇ ಇವೆ. ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಡೀಸೆಲಿನ ಗಂಧಕ ತೆಗೆಯಲು ಬೇಕು. ಎಂ.ಸಿ.ಎಫ್. ಗೊಬ್ಬರದ ಕಾರ್ಖಾನೆಯಲ್ಲಿ ಯೂರಿಯಾ ಮಾಡುವ ಅಮೋನಿಯಾಕ್ಕೆ ಬೇಕು, ಒಂದು ಟನ್ ಅಮೋನಿಯಾದೊಳಗೆ 178 ಕಿಲೋ ಹೈಡ್ರೋಜನ್ ಇರುತ್ತದೆ. 2021ರ ಜನವರಿಯಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಗ್ಯಾಸಿನ ಪೈಪ್‌ಲೈನ್ ಶುರುವಾಯಿತು. ನೈಸರ್ಗಿಕ ಗ್ಯಾಸಿನಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ 9, 10 ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಬದಲಾಗಬೇಕಾದದ್ದು ಅಲ್ಲಿ. ಅದೃಷ್ಟಕ್ಕೆ 150 ಡಿಗ್ರಿಯ ಬಿಸಿ ಜಾಸ್ತಿ ಇರುವುದೂ ಇಂಥ ದೊಡ್ಡ ಕಾರ್ಖಾನೆಗಳಲ್ಲೇ.

ಅಲ್ಲಿ ಈ ಬಿಸಿಗೆ ಒಂದು ನೇರ ಕೆಲಸ ಉಂಟು. ನೀರಿನ ಬದಲು ಸ್ಟೀಮನ್ನೇ ಒಡೆಯುವ ಎಲೆಕ್ಟ್ರೋಲೈಸರ್ ಬಂದಿದೆ. ಒಳಗೆ 700, 800 ಡಿಗ್ರಿ, ಆದರೆ ಅದಕ್ಕೆ ಕೊಡುವ ಸ್ಟೀಮನ್ನು 150 ಡಿಗ್ರಿಯ ಹಾಳು ಬಿಸಿಯಿಂದಲೇ ಎಬ್ಬಿಸಬಹುದು. ಆಗ ಕಿಲೋಗೆ 50 ಇದ್ದ ಕರೆಂಟ್ ಖರ್ಚು 40ರ ಆಸುಪಾಸಿಗೆ ಇಳಿಯುತ್ತದೆ. ಕರೆಂಟನ್ನು ಸೋಲಾರ್, ಗಾಳಿಯಿಂದ ತನ್ನಿ. ಬಿಸಿಯನ್ನು ಬಿಸಿಯಾಗಿಯೇ ಬಳಸಿ, ಅದನ್ನು ಕರೆಂಟ್ ಮಾಡಲು ಹೋಗಿ ಹತ್ತರಲ್ಲಿ ಒಂಬತ್ತು ಭಾಗ ಕಳೆದುಕೊಳ್ಳಬೇಡಿ. ನನ್ನ ಸರ್ವಿಸಿನ ಮೂವತ್ತು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ ಅಂದರೂ ತಪ್ಪಿಲ್ಲ.

ನಿಮ್ಮ ಮಿಲ್ಲಿಗೂ ಅದೇ ಲೆಕ್ಕ. ಆ 200 ಯೂನಿಟ್ ಬಿಸಿಯನ್ನು ನಾಳೆಯ ನೀರು ಕಾಯಿಸಲು ತಿರುಗಿಸಿ. ಹತ್ತರಲ್ಲಿ ಏಳು ಭಾಗ ಸಿಕ್ಕಿದರೂ ದಿನಕ್ಕೆ 50 ಕಿಲೋ ಉಮಿ ಉಳಿಯುತ್ತದೆ. 70 ಗ್ರಾಂ ಹೈಡ್ರೋಜನ್ನಾ, 50 ಕಿಲೋ ಉಮಿಯಾ, ನೀವೇ ನೋಡಿ.

ಉಮಿಬೆಂಕಿ (ಐದು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಏಣೆಲು ಭತ್ತ ಬರುವ ಹೊತ್ತು, ಪುರುಸೊತ್ತೇ ಇರಲಿಲ್ಲ.

ಮೊದಲು ಥರ್ಮಾಮೀಟರ್ ತಂದು ಅಳೆದೆ. ಟ್ಯಾಂಕ್ ಬಿಡುವಾಗ ನೀರು 65 ಅಲ್ಲ, 61. ಬಾವಿ ನೀರು 28. ಹಳೆಯದೊಂದು ಟ್ಯಾಂಕ್ ಮೂಲೆಯಲ್ಲಿ ಬಿದ್ದಿತ್ತು. ಅದರೊಳಗೆ ಸ್ಟೀಲ್ ಪೈಪಿನ ಸುರುಳಿ ಕೂರಿಸಿದೆವು, ವೆಲ್ಡಿಂಗ್ ನಮ್ಮ ಊರಿನ ಹುಡುಗನೇ ಮಾಡಿದ. ಬಿಟ್ಟ ಬಿಸಿನೀರು ಆ ಟ್ಯಾಂಕಿಗೆ, ಬಾವಿ ನೀರು ಸುರುಳಿಯೊಳಗೆ ನಿಧಾನ ಹೋಗುತ್ತದೆ. ಮೊದಲ ದಿನ ಆಚೆ ಬದಿಯಲ್ಲಿ ಕೈ ಹಿಡಿದೆ. ಬೆಚ್ಚಗೆ! ಅಳೆದರೆ 44 ಡಿಗ್ರಿ. ಅಪ್ಪನೂ ಬಂದು ಕೈ ಹಿಡಿದು ನೋಡಿದರು. ಏನೂ ಮಾತಾಡಲಿಲ್ಲ, ಎರಡು ಮೂರು ಸಲ ಕೈ ಹಿಡಿದೇ ನಿಂತಿದ್ದರು.

ಪಣಂಬೂರಿನ ಸರ್ ಹೇಳಿದ 50 ಕಿಲೋ ಇನ್ನೂ ಸಿಕ್ಕಿಲ್ಲ. ದಿನಕ್ಕೆ ಮೂರು ಗೋಣಿ ಉಮಿ ಕಡಿಮೆ ಹೋಗುತ್ತಿದೆ, 35 ಕಿಲೋ ಆಗಬಹುದು. ಅದನ್ನು ಇಟ್ಟಿಗೆ ಗೂಡಿನವರು ಒಯ್ಯುತ್ತಾರೆ. ಒಂದು ಸಮಸ್ಯೆ. ಹತ್ತು ದಿನಕ್ಕೆ ಸುರುಳಿಯ ಮೇಲೆ ಗಂಜಿಯ ಹಾಗೆ ಲೋಳೆ ಕಟ್ಟಿ 44 ಇದ್ದದ್ದು 38ಕ್ಕೆ ಇಳಿಯಿತು. ತೆಂಗಿನ ನಾರಿನಲ್ಲಿ ಉಜ್ಜಿದ ಮೇಲೆ ಮತ್ತೆ ಸರಿ. ಇದಕ್ಕೆ ಸುಲಭದ ಉಪಾಯ ಇದ್ದರೆ ಹೇಳಿ.

ಆ ಕಂಪನಿಯವರು ಮತ್ತೆ ಫೋನ್ ಮಾಡಿದ್ದರು. ಎಷ್ಟು ಗಂಟೆ ಓಡಿಸಿದ್ದೀರಿ, ಎಲ್ಲಿ ನೋಡಬಹುದು ಅಂತ ಕೇಳಿದೆ. ಆಮೇಲೆ ಫೋನ್ ಬಂದಿಲ್ಲ.

ಪಣಂಬೂರು ಪಾಳಿ

ಸುರುಳಿಯನ್ನು ಎತ್ತಿ ತೆಗೆಯುವ ಹಾಗೆ ಮೇಲಿನಿಂದ ಕೊಕ್ಕೆಗೆ ನೇತು ಹಾಕಿ. ವಾರಕ್ಕೊಮ್ಮೆ ಹೊರಗೆ ತೆಗೆದು ಬಿಸಿ ಇರುವಾಗಲೇ ತೊಳೆದರೆ ಲೋಳೆ ಗಟ್ಟಿಯಾಗುವುದಿಲ್ಲ. ನೀರಿನ ವೇಗ ಇನ್ನೂ ಸ್ವಲ್ಪ ಕಡಿಮೆ ಮಾಡಿ ನೋಡಿ. 48 ಸಿಗಬೇಕು.

ಪೊರೆ

ಅಣ್ಣ, ಕ್ಯಾನಿನ ನೀರು ಬಂದು ಮೂರು ವಾರ ಆಯಿತು. ಬ್ಯಾಕ್ಟೀರಿಯಾ ಹಿಡಿದಿವೆ, ಸಣ್ಣ ಕರೆಂಟ್ ಬರುತ್ತಿದೆ. ಇನ್ನೂ ಉಪ್ಪಿನ ಪೊರೆ ಜೋಡಿಸಿಲ್ಲ, ಹೈಡ್ರೋಜನ್ ಅಂತ ಈಗಲೇ ಹೇಳುವುದಿಲ್ಲ. ನಿಮ್ಮ ಸುರುಳಿ ದಾಟಿದ ಮೇಲಿನ ನೀರು ಎಷ್ಟು ಡಿಗ್ರಿ ಇರುತ್ತದೆ? 35, 40 ಇದ್ದರೆ ಇವಕ್ಕೆ ಸರಿಯಾಗುತ್ತದೆ. ಶನಿವಾರ ಮಿಲ್ಲಿಗೆ ಬರಬಹುದಾ?

ಉಮಿಬೆಂಕಿ

42. ಶನಿವಾರ ಬನ್ನಿ, ಬೆಳಿಗ್ಗೆ ಐದಕ್ಕೇ ಬಂದರೆ ಟ್ಯಾಂಕ್ ಬಿಡುವುದನ್ನೂ ನೋಡಬಹುದು. ಗಂಜಿ, ಚಟ್ನಿ ಇಲ್ಲೇ.